ಆನ್‌ಲೈನ್ ಟೆಸ್ಟ್‌ನಲ್ಲಿ ಮೊಬೈಲ್ ನೋಡಿ ಬರೆಯೋದನ್ನು ತಡೆಯೋದು ಹೇಗೆ?

ಡೊಂಬಿವಲಿ ಟೀಚರ್:
ಹನ್ನೊಂದನೇ ಕ್ಲಾಸಿನ ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ. ಮಳೆಗೆ ಲೋಕಲ್ ರೈಲು ನಿಂತರೆ ಟೆಸ್ಟ್ ಮನೆಯಿಂದಲೇ. ಸೇಫ್ ಎಕ್ಸಾಮ್ ಬ್ರೌಸರ್ ಅನ್ನೋ ಸಾಫ್ಟ್‌ವೇರ್ ಟೆಸ್ಟ್ ಬಿಟ್ಟು ಬೇರೇನೂ ತೆರೆಯದಂತೆ ಲ್ಯಾಪ್‌ಟಾಪನ್ನು ಲಾಕ್ ಮಾಡುತ್ತದೆ, ಸರಿ. ತೊಡೆ ಮೇಲಿನ ಮೊಬೈಲ್? ನಿಯತ್ತಾಗಿ ಓದಿದ ಹುಡುಗಿಗೆ ಕಡಿಮೆ ಅಂಕ ಬಂದರೆ ತುಂಬಾ ಸಂಕಟವಾಗುತ್ತದೆ.

ಕೋಥ್ರೂಡ್ ಕನ್ನಡಿಗ:
ಆ ಮೊಬೈಲನ್ನೇ ಕ್ಯಾಮೆರಾ ಮಾಡಿ, ಟೀಚರ್. ಅದರಿಂದಲೂ ಜೂಮ್‌ಗೆ ಸೇರಲಿ. ಪಕ್ಕದಲ್ಲಿ, ಸ್ವಲ್ಪ ಹಿಂದೆ ಇಡಿಸಿ. ಕೈ, ಕೀಬೋರ್ಡ್, ಪರದೆ ಮೂರೂ ಕಾಣಬೇಕು. ಚಾರ್ಜರ್ ಹಾಕಿರಲಿ.

ಮಾಟುಂಗಾ ಅಕ್ಕ:
ಒಂದೇ ಕೋಣೆಯ ಮನೆಯಲ್ಲಿ ಅಮ್ಮ ಅಡುಗೆ ಮಾಡೋದೂ ಕಾಣುತ್ತದೆ, ಅಲ್ವಾ? ದಯವಿಟ್ಟು ರೆಕಾರ್ಡ್ ಮಾಡಬೇಡಿ. ಪ್ರಶ್ನೆಯನ್ನೇ ಬದಲಿಸಿ. ಒಬ್ಬೊಬ್ಬರಿಗೆ ಒಂದೊಂದು ಸವಕಳಿ ದರ (ಆಸ್ತಿಯ ಬೆಲೆ ವರ್ಷಕ್ಕೆ ಎಷ್ಟು ಇಳಿಯುತ್ತದೆ ಅನ್ನೋ ದರ) ಕೊಡಿ. ಆಮೇಲೆ ಐದು ನಿಮಿಷ ಬಾಯಲ್ಲಿ ಕೇಳಿ: ‘ಈ ಮೊತ್ತ ಎಲ್ಲಿಂದ ಬಂತು?’ ಕದ್ದು ಬರೆದವರಿಗೆ ಅದನ್ನು ಹೇಳೋದು ಕಷ್ಟ.

ಡೊಂಬಿವಲಿ ಟೀಚರ್:
ಅಕ್ಕ ಹೇಳಿದ್ದನ್ನು ಶನಿವಾರದ ಟೆಸ್ಟ್‌ಗೇ ಮಾಡುತ್ತೇನೆ. ಕ್ಯಾಮೆರಾ ಬೇಡ.