ಶ್ರವಣ ನರದ ಗಡ್ಡೆಗೆ ಪ್ರೋಟಾನ್ ಚಿಕಿತ್ಸೆಯೋ, ಎಕ್ಸ್‌ರೇ ರೇಡಿಯೋಸರ್ಜರಿಯೋ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಾಯಿಯವರಿಗೆ 61 ವರ್ಷ. ಬಲಗಡೆಯ ಶ್ರವಣ ನರದ ಮೇಲೆ ಸುಮಾರು 2 ಸೆಂಟಿಮೀಟರಿನ, ಕ್ಯಾನ್ಸರ್ ಅಲ್ಲದ ಗಡ್ಡೆ ಎಂಆರ್‌ಐನಲ್ಲಿ ಕಂಡುಬಂದಿದೆ. ಮೆದುಳಿನ ಕಾಂಡವನ್ನು ಒತ್ತುತ್ತಿಲ್ಲವಂತೆ. ವೈದ್ಯರು ಎಕ್ಸ್‌ರೇ ರೇಡಿಯೋಸರ್ಜರಿ (ಕತ್ತರಿಸದೆ, ಗುರಿಯಿಟ್ಟ ವಿಕಿರಣದಿಂದ ಮಾಡುವ ಚಿಕಿತ್ಸೆ) ಸೂಚಿಸಿದ್ದಾರೆ. ಆದರೆ ಪ್ರೋಟಾನ್ (ಪರಮಾಣುವಿನೊಳಗಿನ ಒಂದು ಕಣ) ಕಿರಣವು ಗಡ್ಡೆಯಲ್ಲಿಯೇ ನಿಲ್ಲುತ್ತದೆ, ಆಚೆಗೆ ಹಾಯುವುದಿಲ್ಲ ಎಂದು ಓದಿದಂದಿನಿಂದ, ಅಮ್ಮನಿಗೆ ಕಡಿಮೆ ದರ್ಜೆಯ ಚಿಕಿತ್ಸೆ ಕೊಡಿಸುತ್ತಿದ್ದೇವೆಯೇ ಎಂಬ ಅಳುಕು ಹೋಗುತ್ತಿಲ್ಲ.

ಉತ್ತರ (ವಿಕಿರಣ ಚಿಕಿತ್ಸಾ ತಜ್ಞ): ನೀವು ಓದಿದ್ದು ಸರಿಯಾಗಿಯೇ ಇದೆ. ಪ್ರೋಟಾನು ತನ್ನ ಶಕ್ತಿಯ ದೊಡ್ಡ ಪಾಲನ್ನು ದಾರಿಯ ಕೊನೆಯಲ್ಲಿ ಸುರಿದು ನಿಂತುಬಿಡುತ್ತದೆ. ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಸೂಚಿಸಿದ್ದರು. ಎಕ್ಸ್‌ರೇ ಮಾತ್ರ ತಲೆಯ ಆಚೆ ಬದಿಯಿಂದ ಹೊರಬೀಳುತ್ತದೆ. ಆದರೆ ರೇಡಿಯೋಸರ್ಜರಿಯಲ್ಲಿ ಕಿರಣ ಒಂದೇ ದಿಕ್ಕಿನಿಂದ ಬರುವುದಿಲ್ಲ. ಅನೇಕ ಕೋನಗಳಿಂದ ಬರುವ, ಬಿಡಿಬಿಡಿಯಾಗಿ ದುರ್ಬಲವಾದ ಕಿರಣಗಳೆಲ್ಲ ಗಡ್ಡೆಯಲ್ಲಿ ಮಾತ್ರ ಸಂಧಿಸುವುದರಿಂದ, ಗಡ್ಡೆಯ ಅಂಚು ದಾಟಿದ ಕೆಲವೇ ಮಿಲಿಮೀಟರುಗಳಲ್ಲಿ ವಿಕಿರಣದ ಪ್ರಮಾಣ ಅರ್ಧಕ್ಕಿಳಿಯುತ್ತದೆ.

ನಿಮ್ಮ ತಾಯಿಯವರಿಗೆ ಮುಖ್ಯವಾದದ್ದು ಈ ಅಂಚೇ, ಏಕೆಂದರೆ ಅದರ ಪಕ್ಕದಲ್ಲಿ ಮುಖದ ನರವೂ ಒಳಗಿವಿಯೂ ಇವೆ. ಇಷ್ಟು ಸಣ್ಣ ಗುರಿಗೆ ಬಳಸುವ ತೆಳುವಾದ ಪ್ರೋಟಾನ್ ಕಿರಣವು ಅಂಗಾಂಶದೊಳಗೆ ಪಕ್ಕಕ್ಕೆ ಚದುರಿ ಅಂಚನ್ನು ಮಸುಕಾಗಿಸುತ್ತದೆ. ಅದು ನಿಲ್ಲುವ ಆಳವನ್ನು ಸಿಟಿ ಸ್ಕ್ಯಾನಿನಿಂದ ಲೆಕ್ಕ ಹಾಕುವಾಗಲೂ ಸ್ವಲ್ಪ ಅನಿಶ್ಚಿತತೆ ಉಳಿಯುವುದರಿಂದ, ಗಡ್ಡೆಯ ಸುತ್ತಲಿನ ಸ್ವಲ್ಪ ಆರೋಗ್ಯಕರ ಭಾಗವನ್ನೂ ಗುರಿಗೆ ಸೇರಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ನಿಮ್ಮ ವೈದ್ಯರು ಸೂಚಿಸಿದ ಚಿಕಿತ್ಸೆ ಕಡಿಮೆ ದರ್ಜೆಯದಲ್ಲ. ನಿಮ್ಮ ಸ್ಥಾನದಲ್ಲಿದ್ದರೆ ನಾನೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ.

ಪ್ರಶ್ನೆ: ಹಾಗಾದರೆ ಪ್ರೋಟಾನ್ ಯಾರಿಗೆ ಬೇಕಾಗುತ್ತದೆ, ಡಾಕ್ಟರೇ?

ಉತ್ತರ: ಮೊದಲಿಗೆ ಮಕ್ಕಳಿಗೆ. ಬೆಳೆಯುತ್ತಿರುವ ಮೆದುಳಿನ ಬಹುಭಾಗಕ್ಕೆ ಹರಡುವ ಅಲ್ಪ ಪ್ರಮಾಣದ ವಿಕಿರಣವೂ ಕಲಿಕೆ ಮತ್ತು ಹಾರ್ಮೋನುಗಳ ಮೇಲೆ ಪರಿಣಾಮ ಬೀರಬಲ್ಲದು, ಮುಂದೆ ಮತ್ತೊಂದು ಕ್ಯಾನ್ಸರಿಗೂ ಕಾರಣವಾಗಬಲ್ಲದು. ಅಲ್ಲಿ ಪ್ರೋಟಾನಿನ ಉಪಕಾರ ದೊಡ್ಡದು. ತಲೆಬುರುಡೆಯ ತಳದಲ್ಲಿ ಬೆಳೆಯುವ ಕಾರ್ಡೋಮಾದಂತಹ, ಹಲವು ವಾರಗಳ ಕಾಲ ಹೆಚ್ಚಿನ ವಿಕಿರಣ ಬೇಡುವ ಗಡ್ಡೆಗಳಿಗೂ ಇದೇ ಮಾತು.

ಪ್ರಶ್ನೆ: ಚಿಕಿತ್ಸೆಯ ನಂತರ ಗಡ್ಡೆ ಕರಗಿಹೋಗುತ್ತದೆಯೇ?

ಉತ್ತರ: ಬೆಳವಣಿಗೆಯನ್ನು ನಿಲ್ಲಿಸುವುದೇ ಇಲ್ಲಿನ ಉದ್ದೇಶ. ಸಾಮಾನ್ಯವಾಗಿ ಒಂದೇ ಬಾರಿಗೆ 12ರಿಂದ 13 ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ಕೊಡುತ್ತಾರೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಗಡ್ಡೆ ಹತೋಟಿಗೆ ಬರುತ್ತದೆ. ಮೊದಲ ಒಂದೂವರೆ ವರ್ಷದಲ್ಲಿ ಅದು ಊದಿಕೊಂಡಂತೆ ಕಾಣಬಹುದು. ಆ ಚಿತ್ರ ನೋಡಿ ಗಾಬರಿಯಿಂದ ಶಸ್ತ್ರಚಿಕಿತ್ಸೆಗೆ ಓಡಿದವರನ್ನು ಕಂಡು ನನಗೆ ಸಂಕಟವಾಗಿದೆ. ಹೊಸ ತೊಂದರೆಗಳಿಲ್ಲದಿದ್ದರೆ ಮುಂದಿನ ಎಂಆರ್‌ಐವರೆಗೆ ಕಾಯುವುದು ವಾಡಿಕೆ. ಶ್ರವಣಶಕ್ತಿ ಮಾತ್ರ ವರ್ಷಗಳು ಕಳೆದಂತೆ ಕುಗ್ಗಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿರಿ, ಒಳಗಿವಿಯ ಶಂಖಕ್ಕೆ ಎಷ್ಟು ಗ್ರೇ ತಲುಪಲಿದೆ ಎಂದು ನಿಮ್ಮ ವೈದ್ಯರನ್ನು ಕೇಳಿರಿ.