‘ಕ್ಯಾಚ್ ಎ ಫೈರ್’ ವಿಸ್ತೃತ ಆವೃತ್ತಿ: ಕಿಂಗ್‌ಸ್ಟನ್ ರೂಪ ಮೂಲವೋ, ಲಂಡನ್ ರೂಪ ಮೂಲವೋ?

ಪ್ರಶ್ನೆ: ತಾಳಪ್ರಿಯ

ಜಮೈಕಾದ ರೆಗ್ಗೆ ಸಂಗೀತದ ತಂಡ ‘ದಿ ವೇಲರ್ಸ್’ನಲ್ಲಿ ಬಾಬ್ ಮಾರ್ಲಿ, ಪೀಟರ್ ಟಾಷ್ ಮತ್ತು ಬನ್ನಿ ಲಿವಿಂಗ್‌ಸ್ಟನ್ ಮೂವರೂ ಒಟ್ಟಿಗಿದ್ದ ಕಾಲದ ‘ಕ್ಯಾಚ್ ಎ ಫೈರ್’ ಆಲ್ಬಮನ್ನು ನಾನು ಕಾಲೇಜಿನ ದಿನಗಳಿಂದ ಕೇಳುತ್ತ ಬಂದಿದ್ದೇನೆ. 1973ರ ಏಪ್ರಿಲ್‌ನಲ್ಲಿ ಐಲೆಂಡ್ ರೆಕಾರ್ಡ್ ಕಂಪನಿ ಹೊರತಂದ ಆ ಒಂಬತ್ತು ಹಾಡುಗಳಲ್ಲಿ ಗಿಟಾರ್ ಎಲ್ಲಿ ಏರುತ್ತದೆ, ಆರ್ಗನ್ ಎಲ್ಲಿ ಹಿಂದೆ ಸರಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿದೆ. ಕಳೆದ ತಿಂಗಳು ಇದರ 2001ರ ಡಿಲಕ್ಸ್ ಆವೃತ್ತಿ ಕೈಗೆ ಸಿಕ್ಕಿತು. ಅದರ ಮೊದಲ ಸಿ.ಡಿ.ಯಲ್ಲಿ ಇರುವುದು, ಲಂಡನ್ನಿನಲ್ಲಿ ಹೊಸ ವಾದ್ಯಗಳನ್ನು ಸೇರಿಸುವುದಕ್ಕೆ ಮೊದಲು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಸಿದ್ಧವಾಗಿದ್ದ, ಆಗ ಬಿಡುಗಡೆಯನ್ನೇ ಕಾಣದ ರೂಪ. ಎರಡನೆಯದರಲ್ಲಿ ಇರುವುದು ನಮಗೆಲ್ಲ ಪರಿಚಯವಿರುವ ಆಲ್ಬಮ್.

ಮೊದಲ ಸಿ.ಡಿ.ಯ ‘ಕಾಂಕ್ರೀಟ್ ಜಂಗಲ್’ ಕೇಳಿದಾಗ ನಾನು ಸ್ವಲ್ಪ ಹೊತ್ತು ಮುಂದಿನ ಹಾಡಿಗೆ ಹೋಗಲಾರದೆ ಕುಳಿತುಬಿಟ್ಟೆ. ಇಷ್ಟು ವರ್ಷ ಕಾಯುತ್ತಿದ್ದ ಗಿಟಾರ್ ಏಕವಾದನ ಅಲ್ಲಿರಲಿಲ್ಲ. ಅದರ ಬದಲು ಮೂವರ ಕಂಠಗಳು ತೀರ ಹತ್ತಿರ ಬಂದು ನಿಂತಿದ್ದವು, ಬಾಸ್ ಗಿಟಾರಿನ ಒಂದೊಂದು ನುಡಿಯೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕೆಲವು ವರ್ಷ ಮೃದಂಗ ಕಲಿತಿರುವುದರಿಂದ ನನ್ನ ಕಿವಿ ಮೊದಲು ಹೋಗುವುದು ಲಯದ ಕಡೆಗೆ. ರೆಗ್ಗೆಯವರು ‘ಒನ್ ಡ್ರಾಪ್’ ಎನ್ನುವ ನಡೆಯಲ್ಲಿ, ನಾವು ಸಮ ಎಂದು ಬಲವಾಗಿ ತಟ್ಟುವ ಮೊದಲ ಎಣಿಕೆಯನ್ನು ಡ್ರಮ್ ಖಾಲಿ ಬಿಡುತ್ತದೆ; ಪೆಟ್ಟು ಬೀಳುವುದು ಮೂರನೆಯ ಎಣಿಕೆಗೆ. ತಂಡದ ಡ್ರಮ್ ವಾದಕ ಕಾರ್ಲ್‌ಟನ್ ಬ್ಯಾರೆಟ್ ಹಾಗೆ ಬಿಡುವ ಆ ಮೌನ ಈ ಸಿ.ಡಿ.ಯಲ್ಲಿ ಕೇಳಿಸುವಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ.

ಹೀಗಾಗಿ ಬಲ್ಲವರನ್ನು ಕೇಳುತ್ತಿದ್ದೇನೆ. ಈ ಎರಡರಲ್ಲಿ ಯಾವುದನ್ನು ಮೂಲ ಆಲ್ಬಮ್ ಎಂದು ತಿಳಿಯಬೇಕು? ಲಂಡನ್ನಿನಲ್ಲಿ ನಡೆದದ್ದು ರಾಕ್ ಸಂಗೀತದ ಕೇಳುಗರನ್ನು ಒಲಿಸಿಕೊಳ್ಳಲು ಮೇಲಿಂದ ಬಳಿದ ಬಣ್ಣವಷ್ಟೆಯೋ, ಅಥವಾ ಅದೂ ರಚನೆಯ ಭಾಗವೋ?

ಉತ್ತರ: ಹಳೆಯ ತಟ್ಟೆ

ತಮ್ಮ ಪ್ರಶ್ನೆಗೆ ಉತ್ತರಿಸಬೇಕಾದರೆ ಈ ಆಲ್ಬಮ್ ಹುಟ್ಟಿದ ಸಂದರ್ಭವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. 1972ರಲ್ಲಿ ವೇಲರ್ಸ್ ತಂಡ ಇಂಗ್ಲೆಂಡಿನಲ್ಲಿ ಕೈಯಲ್ಲಿ ಕಾಸಿಲ್ಲದೆ, ಊರಿಗೆ ಮರಳುವ ದಾರಿಯೂ ಕಾಣದೆ ಉಳಿದಿತ್ತು. ಆಗ ಅವರು ಕಂಡದ್ದು ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಅವರನ್ನು. ಬ್ಲ್ಯಾಕ್‌ವೆಲ್ ಬೆಳೆದದ್ದು ಜಮೈಕಾದಲ್ಲಿ, ಕಂಪನಿಯನ್ನು 1959ರಲ್ಲಿ ಕಟ್ಟಿದ್ದೂ ಅಲ್ಲಿಯೇ. ಆಲ್ಬಮ್ ಮಾಡಿಕೊಂಡು ಬರಲು ಅವರು 4,000 ಪೌಂಡ್ ಕೊಟ್ಟರು. ಆ ಹಣ ಮತ್ತೆ ಬಾರದು ಎಂದು ಸುತ್ತಲಿನವರು ಎಚ್ಚರಿಸಿದರೂ ಕೊಟ್ಟರು. ತಂಡದವರು ಕಿಂಗ್‌ಸ್ಟನ್ನಿಗೆ ಹೋಗಿ ಡೈನಾಮಿಕ್, ಹ್ಯಾರಿ ಜೆ ಮತ್ತು ರ್‍ಯಾಂಡೀಸ್ ಸ್ಟುಡಿಯೋಗಳಲ್ಲಿ ಎಂಟು ಟ್ರ್ಯಾಕಿನ (ಎಂಟು ಧ್ವನಿಪಥಗಳನ್ನು ಬೇರೆ ಬೇರೆಯಾಗಿ ಹಿಡಿಯುವ) ಟೇಪಿನ ಮೇಲೆ ಹಾಡುಗಳನ್ನು ಮುದ್ರಿಸಿದರು. ಮೊದಲ ಸಿ.ಡಿ.ಯಲ್ಲಿ ತಾವು ಕೇಳಿದ್ದು ಈ ಕೆಲಸವನ್ನು.

ರೆಗ್ಗೆ ಆಗ ಮುಖ್ಯವಾಗಿ ಒಂದೊಂದು ಹಾಡಿನ ಚಿಕ್ಕ ರೆಕಾರ್ಡುಗಳಾಗಿಯೇ ಮಾರಾಟವಾಗುತ್ತಿತ್ತು. ಒಂದು ತಂಡದ ಹಾಡುಗಳನ್ನು ಒಂದು ಇಡೀ ಕೃತಿಯಂತೆ ಜೋಡಿಸಿ, ರಾಕ್ ತಂಡದ ಎಲ್‌ಪಿಗೆ ಸಲ್ಲುವ ಮರ್ಯಾದೆಯಲ್ಲಿಯೇ ಜಗತ್ತಿನ ಮುಂದೆ ಇಡಬೇಕೆಂಬುದು ಬ್ಲ್ಯಾಕ್‌ವೆಲ್ ಅವರ ಎಣಿಕೆ. ಹೊದಿಕೆಯನ್ನೇ ನೋಡಿ: ಮೊದಲ 20,000 ಪ್ರತಿಗಳು ಜಿಪ್ಪೋ ಲೈಟರಿನ ಆಕಾರದಲ್ಲಿದ್ದು, ಮುಚ್ಚಳ ತೆರೆದಂತೆ ತೆರೆದುಕೊಳ್ಳುತ್ತಿದ್ದವು. ಖರ್ಚು ಹೆಚ್ಚೆಂದು ಅದನ್ನು ಕೈಬಿಟ್ಟು ಮುಂದೆ ಮಾರ್ಲಿಯವರ ಚಿತ್ರವನ್ನು ಹಾಕಿದರು. ಮೊದಲ ಹೊದಿಕೆಯ ಮೇಲೆ ಇದ್ದದ್ದು ‘ದಿ ವೇಲರ್ಸ್’ ಎಂಬ ಹೆಸರು, ಬಾಬ್ ಮಾರ್ಲಿ ಎಂಬ ಒಂಟಿ ಹೆಸರು ಮುಂದೆ ಬಂದದ್ದು ಆಮೇಲೆ ಎಂಬುದನ್ನು ನಾವು ಮರೆಯಬಾರದು. ನನ್ನ ಅಭಿಪ್ರಾಯದಲ್ಲಿ ಸಂಗೀತದಲ್ಲಿಯೂ ಇದೇ ಆಯಿತು: ಮೂರು ಕಂಠಗಳ ಸಮತೋಲದಲ್ಲಿ ಕಟ್ಟಿದ ಹಾಡುಗಳ ಮೇಲೆ ಲಂಡನ್ನಿನಲ್ಲಿ ಗಿಟಾರ್, ಕ್ಲ್ಯಾವಿನೆಟ್ ಎಂಬ ವಿದ್ಯುತ್ ಕೀಲಿವಾದ್ಯ, ಸಿಂಥಸೈಜರ್ ಬಂದು ಕುಳಿತಾಗ ಹಿಂದೆ ಸರಿದದ್ದು ಟಾಷ್ ಮತ್ತು ಬನ್ನಿಯವರ ದನಿಗಳು. ಆದ್ದರಿಂದ ನಾನು ಮೊದಲ ಸಿ.ಡಿ.ಯನ್ನೇ ಮೂಲವೆಂದು ತಿಳಿಯುತ್ತೇನೆ.

ಉತ್ತರ: ಕೀಲಿಮಣೆ

ಮೇಲಿನವರು ಕೊಟ್ಟ ವಿವರಗಳನ್ನು ನಾನು ಒಪ್ಪುತ್ತೇನೆ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಲಂಡನ್ನಿನ ಕೆಲಸವನ್ನು ಹೊರಗಿನವರ ಹಸ್ತಕ್ಷೇಪವೆಂದು ನೋಡುವವರು, ಟೇಪುಗಳನ್ನು ಲಂಡನ್ನಿಗೆ ಹೊತ್ತು ತಂದವರು ಮಾರ್ಲಿಯವರೇ ಎಂಬುದನ್ನೂ, ಬೇಸಿಂಗ್ ಸ್ಟ್ರೀಟಿನ ಸ್ಟುಡಿಯೋದಲ್ಲಿ ಹೊಸ ವಾದ್ಯಗಳು ಸೇರುವಾಗ ಅವರು ಅಲ್ಲಿದ್ದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೀಲಿವಾದ್ಯಗಳನ್ನು ನುಡಿಸಿದ ಜಾನ್ ‘ರ್‍ಯಾಬಿಟ್’ ಬಂಡ್ರಿಕ್ ಟೆಕ್ಸಾಸಿನವರಾದರೂ ಮಾರ್ಲಿಯವರಿಗೆ ಹೊಸಬರಲ್ಲ. 1971ರಲ್ಲಿ ಗಾಯಕ ಜಾನಿ ನ್ಯಾಷ್ ಅವರ ಜೊತೆ ಇಬ್ಬರೂ ಸ್ವೀಡನ್ನಿನಲ್ಲಿ ಕೆಲಸ ಮಾಡಿದ್ದವರು.

ಗಿಟಾರ್ ನುಡಿಸಿದ ವೇಯ್ನ್ ಪರ್ಕಿನ್ಸ್ ಅವರ ಕಥೆ ಬೇರೆ. ಧ್ವನಿಮುದ್ರಣ ಸ್ಟುಡಿಯೋಗಳಿಗೆ ಹೆಸರಾದ ಅಮೆರಿಕದ ಮಸಲ್ ಶೋಲ್ಸ್ ಊರಿನಲ್ಲಿ ಪಳಗಿದ ಈ ಯುವಕ ತನ್ನ ತಂಡದ ಆಲ್ಬಮಿನ ಕೆಲಸಕ್ಕೆಂದು ಲಂಡನ್ನಿಗೆ ಬಂದಿದ್ದರು. ಅವರನ್ನು ಬ್ಲ್ಯಾಕ್‌ವೆಲ್ ಈ ಸ್ಟುಡಿಯೋಗೆ ಕರೆತಂದರು. ರೆಗ್ಗೆಯ ಪರಿಚಯವೇ ಇಲ್ಲದಿದ್ದ ತನಗೆ ‘ಕಾಂಕ್ರೀಟ್ ಜಂಗಲ್’ ಹಾಡಿನಲ್ಲಿ ತಾಳ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮೊದಲು ತಿಳಿಯಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಹಾಗಿದ್ದೂ ಅದರ ಆ ಏಕವಾದನ ಹುಟ್ಟಿತು. ‘ಸ್ಟರ್ ಇಟ್ ಅಪ್’ ಹಾಡಿನಲ್ಲಿ ಪೆಡಲ್ ತುಳಿದು ದನಿಯನ್ನು ಅಳುವಂತೆ ಮಾಡುವ ವಾ-ವಾ ಗಿಟಾರ್, ‘ಬೇಬಿ ವಿ ಹ್ಯಾವ್ ಗಾಟ್ ಎ ಡೇಟ್’ ಹಾಡಿನಲ್ಲಿ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ಸೇರಿದವು. ಏಕವಾದನದ ಕೊನೆಯಲ್ಲಿ ಒಂದೇ ಸ್ವರ ಎಷ್ಟೋ ಹೊತ್ತು ಇಳಿಯಲೊಲ್ಲದೆ ತೂಗುತ್ತದೆಯಲ್ಲ, ಆ ಕ್ಷಣದಲ್ಲಿ ಕಿಂಗ್‌ಸ್ಟನ್ನಿನ ಬಡವರ ಕೇರಿ ಟ್ರೆಂಚ್‌ಟೌನಿನ ಗಾಯಕರ ನೋವು ಮತ್ತು ಅಮೆರಿಕದ ದಕ್ಷಿಣದ ಬ್ಲೂಸ್ ಒಂದನ್ನೊಂದು ಗುರುತಿಸಿಕೊಂಡಂತೆ ನನಗೆ ಕೇಳುತ್ತದೆ. ಅದನ್ನು ಮೇಲಿಂದ ಬಳಿದ ಬಣ್ಣ ಎನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಮಾತು. ಕಿಂಗ್‌ಸ್ಟನ್ ರೂಪವನ್ನು ಜನ ಒಂದು ಆಲ್ಬಮಾಗಿ ಕೇಳಿದ್ದು 28 ವರ್ಷಗಳ ನಂತರ. ಜಗತ್ತಿನ ಮೇಲೆ ಪರಿಣಾಮ ಮಾಡಿದ್ದು, ಮುಂದಿನವರು ಕೇಳಿ ಕಲಿತದ್ದು ಎರಡನೆಯ ಸಿ.ಡಿ.ಯ ರೂಪ.

ಉತ್ತರ: ಮೂರನೆಯ ಎಣಿಕೆ

ಇಬ್ಬರ ವಾದವನ್ನೂ ಗೌರವದಿಂದ ಓದಿದೆ. ‘ಮೂಲ’ ಎಂಬ ಮಾತೇ ಇಲ್ಲಿ ತೊಡಕಿನದು ಎಂದು ನನಗೆ ತೋರುತ್ತದೆ. ‘ಸ್ಟರ್ ಇಟ್ ಅಪ್’ ಹಾಡನ್ನು ವೇಲರ್ಸ್ 1967ರಲ್ಲಿಯೇ ಮುದ್ರಿಸಿದ್ದರು. 1972ರಲ್ಲಿ ಜಾನಿ ನ್ಯಾಷ್ ಅದನ್ನು ಹಾಡಿ ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದ್ದರು. ಟಾಷ್ ಅವರ ‘400 ಇಯರ್ಸ್’ 1970ರಲ್ಲಿ ಲೀ ಪೆರಿಯವರ ನಿರ್ಮಾಣದಲ್ಲಿ ಬಂದಿತ್ತು, ಅವರದೇ ‘ಸ್ಟಾಪ್ ದಟ್ ಟ್ರೇನ್’ ಲೆಸ್ಲಿ ಕಾಂಗ್ ಅವರ ನಿರ್ಮಾಣದಲ್ಲಿ ಬಂದಿತ್ತು. ಅಂದರೆ ಕಿಂಗ್‌ಸ್ಟನ್ನಿನ ಎಂಟು ಟ್ರ್ಯಾಕಿನ ರೂಪವೂ ಈ ಹಾಡುಗಳ ಪಾಲಿಗೆ ನಡುದಾರಿಯ ಒಂದು ತಂಗುದಾಣವೇ. ನಮ್ಮಲ್ಲಿ ಒಂದೇ ಕೀರ್ತನೆಗೆ ಬೇರೆ ಬೇರೆ ಪಾಠಾಂತರಗಳಿರುವಂತೆ ಇದನ್ನು ನೋಡಬಹುದು.

ವಿಸ್ತೃತ ಆವೃತ್ತಿಯ ನಿಜವಾದ ಉಪಕಾರ ಬೇರೆಲ್ಲೋ ಇದೆ. 1973ರ ಎಲ್‌ಪಿಯಿಂದ ಹೊರಗುಳಿದ ಎರಡು ಹಾಡುಗಳು, ‘ಹೈ ಟೈಡ್ ಆರ್ ಲೋ ಟೈಡ್’ ಮತ್ತು ‘ಆಲ್ ಡೇ ಆಲ್ ನೈಟ್’, ಮೊದಲ ಸಿ.ಡಿ.ಯಲ್ಲಿ ತಮ್ಮ ಒಡಹುಟ್ಟಿದ ಹಾಡುಗಳ ನಡುವೆ ಕುಳಿತಿವೆ. ‘ಹೈ ಟೈಡ್’ ಹಾಡನ್ನು ಕೈಬಿಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ಭಾವನೆ. ಅಷ್ಟು ಮೆದುವಾದ, ಸ್ನೇಹದ ಮೇಲಿನ ಭರವಸೆಯನ್ನು ಅಷ್ಟು ನೇರವಾಗಿ ಹೇಳುವ ಹಾಡು ಉಳಿದ ಒಂಬತ್ತರಲ್ಲಿ ಇಲ್ಲ.

ತಾಳಪ್ರಿಯ ಅವರಲ್ಲಿ ನನ್ನ ಸಲಹೆ, 2023ರಲ್ಲಿ ಬಂದ 50ನೆಯ ವರ್ಷದ ಆವೃತ್ತಿಯನ್ನೂ ಒಮ್ಮೆ ಕೇಳಬೇಕು ಎಂಬುದು. ಅದರಲ್ಲಿ 1973ರ ಮೇ ತಿಂಗಳಲ್ಲಿ ಲಂಡನ್ನಿನ ಪ್ಯಾರಿಸ್ ಥಿಯೇಟರಿನಲ್ಲಿ ಬಿಬಿಸಿಗಾಗಿ ನಡೆಸಿದ ಕಚೇರಿಯ ಮುದ್ರಣವಿದೆ. ಅಲ್ಲಿ ಪರ್ಕಿನ್ಸ್ ಇಲ್ಲ, ರ್‍ಯಾಬಿಟ್ ಇಲ್ಲ; ಮೂವರು ಗಾಯಕರು, ಡ್ರಮ್ ಮತ್ತು ಬಾಸ್ ನುಡಿಸುವ ಬ್ಯಾರೆಟ್ ಸೋದರರು ಮತ್ತು ಕೀಲಿವಾದ್ಯಕ್ಕೆ ಅರ್ಲ್ ಲಿಂಡೋ ಇದ್ದಾರೆ. ಆಲ್ಬಮ್ ಹೊರಬಂದ ಮರುತಿಂಗಳೇ, ಮೇಲೆ ಏನೂ ಸೇರಿಸದೆ, ತಮ್ಮ ಹಾಡುಗಳನ್ನು ಅವರು ಹೇಗೆ ನುಡಿಸುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದೇ ವರ್ಷ ಅಮೆರಿಕದ ಪ್ರವಾಸಕ್ಕೆ ಬನ್ನಿಯವರು ಹೋಗಲಿಲ್ಲ, ಅವರ ಜಾಗದಲ್ಲಿ ಇವರೆಲ್ಲರ ಗುರು ಜೋ ಹಿಗ್ಸ್ ಹೋದರು ಎಂಬುದನ್ನು ನೆನೆದರೆ ಆ ಮುದ್ರಣದ ಬೆಲೆ ಇನ್ನೂ ಹೆಚ್ಚುತ್ತದೆ.

ಮರಳಿ: ತಾಳಪ್ರಿಯ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು, ಕೈಯಲ್ಲಿ ತಾಳ ಹಾಕುತ್ತ, ‘ಕಾಂಕ್ರೀಟ್ ಜಂಗಲ್’ ಹಾಡಿನ ಎರಡೂ ರೂಪಗಳನ್ನು ಒಂದರ ಹಿಂದೆ ಒಂದರಂತೆ ಕೇಳಿದೆ. ಕಿಂಗ್‌ಸ್ಟನ್ ರೂಪದಲ್ಲಿ ಕೈ ಎಲ್ಲಿಯೂ ತಪ್ಪಲಿಲ್ಲ. ಖಾಲಿ ಬಿಟ್ಟ ಮೊದಲ ಎಣಿಕೆಯಲ್ಲಿ ತಡೆದು, ಮೂರನೆಯದರಲ್ಲಿ ಡ್ರಮ್ಮಿನೊಡನೆ ಸೇರುವುದು ಒಂದೆರಡು ಆವರ್ತದಲ್ಲಿಯೇ ರೂಢಿಯಾಯಿತು. ಲಂಡನ್ ರೂಪದಲ್ಲಿ ಏಕವಾದನ ಬರುವವರೆಗೂ ಹಾಗೆಯೇ ನಡೆಯಿತು. ಆ ಕೊನೆಯ ಸ್ವರ ತೂಗತೊಡಗಿದಾಗ ಮಾತ್ರ ಎಣಿಕೆ ಮರೆತು ಕೈ ಹಾಗೆಯೇ ನಿಂತಿತು. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ನಿಂತಿತು. ತಾಳದ ಆರಂಭವೇ ಸಿಗದೆ ನುಡಿಸಿದವರ ಗಿಟಾರಿಗೆ ನನ್ನ ತಾಳವೂ ತಪ್ಪಿದ್ದರಿಂದ, ಬಣ್ಣ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಮತ್ತೆ ಮತ್ತೆ ಹಾಕಿಕೊಳ್ಳುತ್ತಿರುವುದು ಮೊದಲ ಸಿ.ಡಿ.ಯನ್ನು, ಅದರಲ್ಲಿಯೂ ‘400 ಇಯರ್ಸ್’ ಹಾಡನ್ನು. ಪ್ಯಾರಿಸ್ ಥಿಯೇಟರಿನ ಮುದ್ರಣ ಇನ್ನೂ ಕೈಸೇರಿಲ್ಲ; ಕೇಳಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.