ಸಮಸ್ಯೆ ಬಂದಾಗ ಕೈಕಾಲೇ ಆಡುವುದಿಲ್ಲ, ನೀವೆಲ್ಲ ಏನು ಮಾಡಿದ್ರಿ?

ತೀರ್ಥಹಳ್ಳಿ ಕಡೆಯವನು:
ನನಗೆ 31 ವರ್ಷ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ಎರಡು ಎಕರೆ ಅಡಿಕೆ ತೋಟ, ಅದರಲ್ಲಿ ಅರ್ಧಕ್ಕೆ ಎಲೆಚುಕ್ಕೆ ರೋಗ. ಸೊಸೈಟಿ ಸಾಲದ ಕಂತು ಬಾಕಿ ಇದೆ. ಔಷಧಿ ಹೊಡೆಸೋಣ ಅಂದ್ರೆ ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ, ಸಿಕ್ಕ ದಿನ ಮಳೆ. ಬೆಳಗ್ಗೆ ಮೊಬೈಲ್ ಹಿಡಿದು ಜಗುಲಿಯಲ್ಲಿ ಕೂತವನಿಗೆ ಹನ್ನೊಂದಾಗಿದ್ದೇ ಗೊತ್ತಾಗುವುದಿಲ್ಲ, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮನಃಶಾಸ್ತ್ರ ಓದುತ್ತಿರುವ ಚಿಕ್ಕಪ್ಪನ ಮಗಳು ಒಂದು ಪ್ರಶ್ನಾವಳಿ ತುಂಬಿಸಿದಳು, ಸಮಸ್ಯೆ ಬಂದಾಗ ನೀವು ಹೇಗೆ ಅಂತ 32 ಪ್ರಶ್ನೆ. 141 ಬಂತು. "ಪಾಸಾ?" ಅಂದೆ. "ಅಣ್ಣಾ, ಇದರಲ್ಲಿ ಜಾಸ್ತಿ ಬಂದಷ್ಟೂ ಕಷ್ಟ" ಅಂದಳು. ಅಂದ್ರೆ ನಾನು ಕೈಲಾಗದವನು ಅಂತ ಲೆಕ್ಕವಾ? ಇಂಥದ್ದನ್ನು ದಾಟಿದವರು ಹೇಳಿ. ಧೈರ್ಯವಾಗಿರು ಅನ್ನುವುದು ಬೇಡ, ಅದನ್ನು ಹೇಳುವವರು ಮನೆಯಲ್ಲೇ ಇದ್ದಾರೆ.

ಶಿವಮೊಗ್ಗದಿಂದ, ಕಾಲೇಜಿನಲ್ಲಿ ಆಪ್ತಸಮಾಲೋಚಕಿ:
ಅದು ಹೆಪ್ನರ್ ಮತ್ತು ಪೀಟರ್ಸನ್ 1982ರಲ್ಲಿ ಮಾಡಿದ ಪ್ರಶ್ನಾವಳಿ ಇರಬೇಕು. ಅಂಕ 32ರಿಂದ 192ರವರೆಗೆ, ಕಡಿಮೆ ಬಂದರೆ ಒಳ್ಳೆಯದು. ನಿಮ್ಮ ತಂಗಿ ಹೇಳಿದ್ದು ಸರಿ, ನೀವು ಅರ್ಥ ಮಾಡಿಕೊಂಡಿದ್ದು ತಪ್ಪು. ನಿಮಗೆ ಸಮಸ್ಯೆ ಬಿಡಿಸಲು ಬರುತ್ತದೋ ಇಲ್ಲವೋ ಅಂತ ಅದು ನೋಡುವುದೇ ಇಲ್ಲ. ಬರುತ್ತದೆ ಅಂತ ನಿಮಗೆ ಅನಿಸುತ್ತದಾ ಅಂತ ನೋಡುತ್ತದೆ. ಮೂರು ಭಾಗ ಇದೆ ಅದರಲ್ಲಿ: ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ, ಸಮಸ್ಯೆಯ ಹತ್ತಿರ ಹೋಗುತ್ತೀರೋ ತಪ್ಪಿಸಿಕೊಳ್ಳುತ್ತೀರೋ ಅನ್ನುವುದು, ಆ ಹೊತ್ತಿನಲ್ಲಿ ನಿಮ್ಮ ಮೇಲೆ ನಿಮಗೆ ಹಿಡಿತ ಇರುತ್ತದಾ ಅನ್ನುವುದು. ಯಾವುದರಲ್ಲಿ ಜಾಸ್ತಿ ಬಂತು ಅಂತ ಕೇಳಿ, ಒಟ್ಟು ಅಂಕಕ್ಕಿಂತ ಅದು ಮುಖ್ಯ. ಹೆಚ್ಚು ಅಂಕ ಬಂದವರಲ್ಲಿ ಖಿನ್ನತೆ, ಆತಂಕವೂ ಜಾಸ್ತಿ ಕಂಡಿದೆ, ನಿಜ. ಆದರೆ ಮನಸ್ಸು ಕುಸಿದಾಗ ತುಂಬಿಸಿದರೂ ಅಂಕ ಏರುತ್ತದೆ ಅಲ್ವಾ? ನಿದ್ದೆಗೆಟ್ಟವನನ್ನು "ನಿನ್ನ ಕೈಲಾಗುತ್ತಾ?" ಅಂತ ಕೇಳಿದರೆ ಏನು ಹೇಳಿಯಾನು.

ಹೊಸನಗರದಿಂದ, ಗೃಹಿಣಿ:
ತಮ್ಮಾ, ತಪ್ಪಿಸಿಕೊಳ್ಳುವುದು ಅಂದ್ರೆ ಏನು ಅಂತ ನನ್ನನ್ನು ಕೇಳು. ನಮ್ಮನೆಯವರು ಹೋದ ಮೇಲೆ ಸಾಲದ ಕಾಗದ ಬಂದರೆ ಒಡೆಯದೆ ದೇವರ ಫೋಟೋ ಹಿಂದೆ ಸಿಕ್ಕಿಸುತ್ತಿದ್ದೆ. ದೇವರೇ ಓದಿಕೊಳ್ಳಲಿ ಅಂತ ಇರಬೇಕು. ಪೋಸ್ಟಿನವನ ಗಾಡಿ ಶಬ್ದಕ್ಕೇ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಒಂದು ದಿನ ನಾದಿನಿ ಬಂದವಳು ದೀಪ ಹಚ್ಚಲು ಹೋಗಿ ಎಲ್ಲ ಕೆಳಗೆ ಬೀಳಿಸಿದಳು. ಹನ್ನೊಂದು ಕಾಗದ. ಇಬ್ಬರೂ ಕೂತು ಒಡೆದೆವು. ಅದರಲ್ಲಿ ನಾಲ್ಕು, ಸಂಘದ ಮಹಾಸಭೆಗೆ ಬನ್ನಿ ಅನ್ನುವ ಕರೆ! ನಾನು ಅದಕ್ಕೂ ಹೆದರಿ ಆರು ತಿಂಗಳು ಕಳೆದಿದ್ದೆ. ಉಳಿದವು ಸಾಲದ್ದೇ, ಸುಳ್ಳು ಹೇಳುವುದಿಲ್ಲ. ಆದರೆ ಮೊತ್ತ ಗೊತ್ತಾದ ಮೇಲೆ ಎದೆ ಹೊಡೆದುಕೊಳ್ಳುವುದು ಕಡಿಮೆ ಆಯಿತು. ಆ ವರ್ಷ ತೋಟದ ಫಸಲನ್ನು ಚೇಣಿಗೆ, ಅಂದ್ರೆ ಗುತ್ತಿಗೆಗೆ ಕೊಟ್ಟೆ. ರೇಟು ಕಡಿಮೆ ಸಿಕ್ಕಿತು, ಭಾವನವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆ ಮಳೆಗಾಲ ನಾನು ನಿದ್ದೆ ಮಾಡಿದೆ.

ಭದ್ರಾವತಿ ಹುಡುಗ:
ಕೆಲಸ ಹೋದಾಗ ನನಗೆ ಒಬ್ಬ ಕೌನ್ಸೆಲರ್ ಹೇಳಿಕೊಟ್ಟಿದ್ದು, ಡಿಜುರಿಲ್ಲಾ ಮತ್ತು ಗೋಲ್ಡ್‌ಫ್ರೈಡ್ ಅನ್ನುವವರು 1971ರಲ್ಲಿ ಬರೆದ ಐದು ಹಂತದ ಕ್ರಮವಂತೆ. ಮೊದಲು ಸಮಸ್ಯೆ ಬರುವುದು ಸಹಜ ಅಂತ ಒಪ್ಪುವುದು, ಆಮೇಲೆ ಅದೇನು ಅಂತ ಸರಿಯಾಗಿ ಬರೆಯುವುದು, ದಾರಿಗಳನ್ನು ಹುಡುಕುವುದು, ಒಂದನ್ನು ಆರಿಸುವುದು, ಮಾಡಿ ನೋಡಿ ಆಯಿತಾ ಇಲ್ಲವಾ ಅಂತ ತಾಳೆ ಹಾಕುವುದು. ನಾನು ಎರಡನೆಯದರಲ್ಲೇ ಎಡವಿದೆ. "ಬದುಕೇ ಹಾಳಾಗಿದೆ" ಅಂತ ಬರೆದಿದ್ದೆ. ಅವರು ನಕ್ಕು, ಇದಕ್ಕೆ ನಾಳೆ ಬೆಳಗ್ಗೆ ಎದ್ದು ಏನು ಮಾಡ್ತೀಯಾ ಅಂದರು. ಮೂರನೇ ಸಲ ಬರೆದಾಗ "ಮುಂದಿನ ತಿಂಗಳ ಬಾಡಿಗೆಗೆ ದುಡ್ಡು ಇಲ್ಲ" ಅಂತಾಯಿತು. ಅದಕ್ಕೆ ದಾರಿ ಇತ್ತು. ಹುಡುಕುವಾಗ ಸರಿ ತಪ್ಪು ನೋಡಬೇಡಿ, ಹುಚ್ಚುಚ್ಚಾಗಿದ್ದರೂ ಬರೆಯಿರಿ, ಅಳೆಯುವುದು ಆಮೇಲೆ. ನಿಮ್ಮ "ಕೊನೆಗೌಡ ಸಿಗುವುದಿಲ್ಲ" ಅನ್ನುವುದನ್ನೇ ತಗೊಳ್ಳಿ. ಮರ ಹತ್ತುವವನೇ ಬೇಕಾ, ಔಷಧಿ ಮೇಲೆ ಮುಟ್ಟಿದರೆ ಸಾಕಾ?

ಸಾಗರದಿಂದ, ನಿವೃತ್ತ ಮೇಷ್ಟ್ರು:
ಎಲ್ಲದಕ್ಕೂ ಪರಿಹಾರ ಇದೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ಹೆಂಡತಿಗೆ ಮರೆವಿನ ಕಾಯಿಲೆ, ನಾಲ್ಕು ವರ್ಷವಾಯಿತು. ಯಾವ ಪಟ್ಟಿ ಬರೆಯಲಿ? ಸಂಜೆ ಐದಕ್ಕೆ ಮಗಳು ಬಂದು ಅವಳ ಹತ್ತಿರ ಕೂರುತ್ತಾಳೆ, ನಾನು ಪಕ್ಕದ ಮನೆ ಜಗುಲಿಗೆ ಹೋಗಿ ಒಂದು ಎಲೆಅಡಿಕೆ ಕವಳ ಹಾಕಿ ಸುಮ್ನೆ ಕೂರುತ್ತೇನೆ. ಕಾಯಿಲೆ ಮಾತು ನಾವು ಎತ್ತುವುದಿಲ್ಲ. ಆ ಒಂದು ಗಂಟೆ ಇಲ್ಲದಿದ್ದರೆ ನಾನೂ ಮಲಗುತ್ತಿದ್ದೆ.

ಶಿವಮೊಗ್ಗದ ಆಪ್ತಸಮಾಲೋಚಕಿ:
ಮೇಷ್ಟ್ರೇ, ನಿಮ್ಮ ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ. ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲೇ ಎರಡು ಬಗೆ ಹೇಳಿದ್ದಾರೆ: ಸಮಸ್ಯೆಗೇ ಕೈ ಹಾಕುವುದು, ಇಲ್ಲವೇ ಅದರಿಂದಾದ ಸಂಕಟವನ್ನು ಸಂಭಾಳಿಸುವುದು. ಬದಲಾಯಿಸಲು ಆಗದ್ದಕ್ಕೆ ಎರಡನೆಯದೇ ಸರಿ. ಇದೇ ಹೆಪ್ನರ್ ಆಮೇಲೆ ತೈವಾನಿನವರ ಜೊತೆ ಸೇರಿ 2006ರಲ್ಲಿ ಇನ್ನೊಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಒಪ್ಪಿಕೊಂಡು ಮುಂದೆ ಹೋಗುವುದು, ಮನೆಯವರ ಆಸರೆ, ದೇವರು, ಎಲ್ಲಕ್ಕೂ ಜಾಗ ಇದೆ. ಜಗುಲಿ ಅಂದಾಗ ನೆನಪಾಯಿತು, ಜಿಂಬಾಬ್ವೆಯ ಹರಾರೆಯಲ್ಲಿ ಆಸ್ಪತ್ರೆ ಹೊರಗಿನ ಬೆಂಚಿನ ಮೇಲೆ ತರಬೇತಾದ ಅಜ್ಜಿಯರು ಕೂತು, ಬಂದವರ ಜೊತೆ ಒಂದೊಂದೇ ಸಮಸ್ಯೆ ಬಿಡಿಸುತ್ತಾರೆ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಲ್ಲಿಗೆ ಬಂದವರ ಖಿನ್ನತೆ ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿ ಇಳಿದಿತ್ತು. ಅವರ ಭಾಷೆಯಲ್ಲಿ ಈ ಕಾಯಿಲೆಯ ಹೆಸರು ಕುಫುಂಗಿಸಿಸಾ, ಅಂದರೆ ಅತಿಯಾಗಿ ಯೋಚಿಸುವುದು.

ತೀರ್ಥಹಳ್ಳಿಯವರೇ, ಅಪ್ಪನ ಕಾಯಿಲೆ ಮೇಷ್ಟ್ರ ಲೆಕ್ಕಕ್ಕೆ, ಔಷಧಿ ಹೊಡೆಸುವುದು ಭದ್ರಾವತಿ ಹುಡುಗನ ಲೆಕ್ಕಕ್ಕೆ. ನೀವು ಎರಡನ್ನೂ ಒಂದೇ ಮೂಟೆ ಕಟ್ಟಿಕೊಂಡಿದ್ದೀರಿ. ಮತ್ತೆ, ನಿದ್ದೆ ವಾರಗಟ್ಟಲೆ ಹೀಗೇ ಇದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕುವುದೇ ಬೇಡ ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ.

ತೀರ್ಥಹಳ್ಳಿ ಕಡೆಯವನು:
ಎಲ್ಲರಿಗೂ ನಮಸ್ಕಾರ. ತಂಗಿಯನ್ನು ಕೇಳಿದೆ, ನಂಬಿಕೆಯ ಭಾಗದಲ್ಲೇ ಜಾಸ್ತಿಯಂತೆ. ಹೊಸನಗರದ ಅಕ್ಕಾ, ನಮ್ಮಲ್ಲಿ ಸಾಲದ ಕಾಗದ ಇರುವುದು ಫ್ರಿಜ್ ಮೇಲೆ, ಇನ್ನೂ ಮುಟ್ಟಿಲ್ಲ, ಭಾನುವಾರ ತಂಗಿ ಬಂದಾಗ ಒಡೆಯುತ್ತೇನೆ. ನಿನ್ನೆ ಔಷಧಿ ಹೊಡೆಸುವ ದಾರಿಗಳ ಪಟ್ಟಿ ಬರೆಯಲು ಕೂತಾಗ ಆರನೇ ಸಾಲಿನಲ್ಲಿ "ದೋಟಿ" ಅಂತ ಬರೆದೆ. ಕೆಳಗೇ ನಿಂತು ಉದ್ದದ ಕಾರ್ಬನ್ ಫೈಬರ್ ದೋಟಿಯಲ್ಲಿ ಹೊಡೆಯುವವರು ಪಕ್ಕದೂರಿನಲ್ಲೇ ಇದ್ದಾರೆ, ಅವರ ನಂಬರ್ ನನ್ನ ಮೊಬೈಲಿನಲ್ಲೇ ಇತ್ತು ಮಾರಾಯ್ರೆ. ಗುರುವಾರ ಬರುತ್ತೇವೆ ಅಂದಿದ್ದಾರೆ. ಮಳೆ ನೋಡಬೇಕು.